ಸಿಟ್ಟು ಬಂದಾಗ ಮಾತಾಡುವುದು ಯಾರು?

ತೊಗರಿ ಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಐದು ತಿಂಗಳಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಒಬ್ಬನೇ ಯೋಚಿಸಿ ಸಾಕಾಯಿತು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನಮ್ಮ ಊರು ಆಳಂದ ಕಡೆ. ಅಪ್ಪ ತೀರಿ ವರ್ಷ ತುಂಬಿದ ಮೇಲೆ ಬಂದ ಮೊದಲ ಎಳ್ಳಮಾವಾಸ್ಯೆ ಅದು. ಆ ದಿನ ನಮ್ಮ ಭಾಗದಲ್ಲಿ ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ ಅಲ್ವಾ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಪೂಜೆ ಆದ ಮೇಲೆ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಊಟದ ಎಡೆ, ಚೆಲ್ಲಬೇಕು. ಅಪ್ಪ ಇದ್ದಾಗ ಅವರೇ ಚೆಲ್ಲುತ್ತಿದ್ದರು. ನಾನು ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಹೋಗುತ್ತಿದ್ದೆ. ಐವತ್ತು ವರ್ಷ ಹತ್ತಿರ ಬಂದರೂ ಆ ತಂಬಿಗೆ ನನ್ನದೇ.

ಅವತ್ತು ಕಲಬುರಗಿಯಿಂದ ಬಸ್ಸು ತಡವಾಯಿತು. ನಾನು ಹೊಲ ಮುಟ್ಟುವ ಹೊತ್ತಿಗೆ ತಮ್ಮ ಚರಗ ಚೆಲ್ಲಿ ಮುಗಿಸಿದ್ದ. ಮಕ್ಕಳು ಊಟಕ್ಕೆ ಕೂತಿದ್ದರು. ನನ್ನ ಮೈಯೆಲ್ಲ ಬಿಸಿಯಾಯಿತು. "ಒಂದು ತಾಸು ಕಾಯ್ಲಿಕ್ಕಾಗ್ಲಿಲ್ಲೇನು ನಿನಗ?" ಅಂದೆ. ಅಲ್ಲಿಗೆ ಬಿಡಲಿಲ್ಲ. "ಅಪ್ಪನ ಸಲುವಾಗಿ ನೀ ಏನ್ ಮಾಡಿದಿ?" ಅಂತ ಕೂಗಿದೆ. ಎಲ್ಲರ ಎದುರಿಗೆ. ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಾಗ ಮೈ ತೊಳೆದು, ಉಣಿಸಿ ನೋಡಿಕೊಂಡವನು ಅವನೇ. ಅದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಾಯಿಂದ ಆ ಮಾತು ಬಂತು.

ಅವನು ಏನೂ ಅನ್ನಲಿಲ್ಲ. ನಾನು ಬದುವಿನ ಮೇಲೆ ಹೋಗಿ ಕೂತೆ. ತೊಗರಿ ಕಟ್ಟಿಗೆ ಹಿಡಿದು ಮಣ್ಣಿನಲ್ಲಿ ಗೆರೆ ಎಳೆಯುತ್ತ ಎಷ್ಟೋ ಹೊತ್ತು ಕೂತಿದ್ದೆ. ಉಣ್ಣದೇ ಕಲಬುರಗಿಗೆ ವಾಪಸ್ ಬಂದೆ. ಅವತ್ತಿನಿಂದ ನಾವಿಬ್ಬರೂ ಮಾತಾಡಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆ ಮಾತು ಆಡಿದ್ದು ಯಾರು? ನಾನಾ? "ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟೆ" ಅನ್ನುತ್ತಾರಲ್ಲ, ಹಾಗಾದರೆ ಸಿಟ್ಟು ನನ್ನಿಂದ ಬೇರೆ ಏನಾದರೂ ಇದೆಯಾ? ಅರಿಷಡ್ವರ್ಗ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ. ಆರು ಶತ್ರುಗಳು. ಶತ್ರು ಹೊರಗಿನವನಾದರೆ ತಪ್ಪು ನನ್ನದಲ್ಲ. ಒಳಗಿನವನಾದರೆ ಅವನನ್ನು ಕೊಲ್ಲುವುದು ಹೇಗೆ?

ಕಾಗಿಣಾ ನೀರು (ಸೇಡಂ)

ನಾನು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವನು. ಮೈ ಬಿಸಿಯಾಯಿತು ಅಂದಿರಲ್ಲ, ಅಲ್ಲಿಂದ ಶುರು ಮಾಡುತ್ತೇನೆ.

ಸಿಟ್ಟು ಬಂದಾಗ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ ಅಡ್ರಿನಲಿನ್ ಬಿಡುತ್ತದೆ. ಎದೆ ಬಡಿತ ಜಾಸ್ತಿಯಾಗುತ್ತದೆ, ರಕ್ತದೊತ್ತಡ ಏರುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲಿನ ಕಡೆಗೆ ಹೋಗುತ್ತದೆ. ಅದಕ್ಕೇ ನಿಮಗೆ ಊಟ ಸೇರಲಿಲ್ಲ. ಇಷ್ಟೆಲ್ಲ ನಿಮ್ಮನ್ನು ಕೇಳಿ ಆಗುವುದಲ್ಲ.

1884ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಒಂದು ವಿಚಿತ್ರ ಮಾತು ಹೇಳಿದರು. ಜೋಳದ ಹೊಲದಲ್ಲಿ ಹಾವು ಕಂಡಿತು ಅನ್ನಿ. ಹೆದರಿದ್ದಕ್ಕೆ ಓಡುತ್ತೇವೆ ಅಂತ ನಾವು ತಿಳಿಯುತ್ತೇವೆ. ಜೇಮ್ಸ್ ಪ್ರಕಾರ ಅದು ತಿರುಗುಮುರುಗು. ಮೊದಲು ಮೈ ನಡುಗುತ್ತದೆ, ಕಾಲು ಓಡುತ್ತದೆ. ಆ ಬದಲಾವಣೆಯನ್ನು ಮನಸ್ಸು ಗುರುತಿಸುತ್ತದಲ್ಲ, ಅದೇ ಹೆದರಿಕೆ. (ಅವರು ಹೇಳಿದ್ದು ಕರಡಿಯ ಉದಾಹರಣೆ. ನಮ್ಮ ಕಡೆ ಹಾವೇ ಸರಿ.) ಮರುವರ್ಷವೇ ಡೆನ್ಮಾರ್ಕಿನ ಕಾರ್ಲ್ ಲ್ಯಾಂಗೆ ಹೆಚ್ಚುಕಡಿಮೆ ಇದನ್ನೇ ಹೇಳಿದರು.

1927ರಲ್ಲಿ ವಾಲ್ಟರ್ ಕ್ಯಾನನ್ ಇದನ್ನು ಒಪ್ಪಲಿಲ್ಲ. ಸಿಟ್ಟಿಗೂ ಹೆದರಿಕೆಗೂ ಎದೆ ಒಂದೇ ಥರ ಬಡಿಯುತ್ತದೆ, ಜ್ವರದಲ್ಲೂ ಬಡಿಯುತ್ತದೆ. ಬರೀ ಮೈ ನೋಡಿ ಇದು ಸಿಟ್ಟು, ಇದು ಭಯ ಅಂತ ಹೇಗೆ ಗೊತ್ತಾಗಬೇಕು? ನ್ಯಾಯವಾದ ಪ್ರಶ್ನೆ.

1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಒಂದು ಪ್ರಯೋಗ ಮಾಡಿದರು. ವಿಟಮಿನ್ ಅಂತ ಹೇಳಿ ಹುಡುಗರಿಗೆ ಅಡ್ರಿನಲಿನ್ ಚುಚ್ಚಿದರು. ಎದೆ ಬಡಿಯುತ್ತದೆ ಅಂತ ಕೆಲವರಿಗೆ ಮೊದಲೇ ಹೇಳಿದ್ದರು, ಕೆಲವರಿಗೆ ಹೇಳಿರಲಿಲ್ಲ. ಆಮೇಲೆ ಕೋಣೆಯೊಳಗೆ ಒಬ್ಬನನ್ನು ಕೂರಿಸಿದರು. ಕೆಲವು ಸಲ ಅವನು ಕುಣಿದಾಡುವ ನಟನೆ ಮಾಡುತ್ತಿದ್ದ, ಕೆಲವು ಸಲ ರೇಗಾಡುವ ನಟನೆ. ಎದೆ ಯಾಕೆ ಬಡಿಯುತ್ತಿದೆ ಅಂತ ಗೊತ್ತಿಲ್ಲದ ಹುಡುಗರು ಪಕ್ಕದವನ ಭಾವವನ್ನೇ ತಮ್ಮದು ಮಾಡಿಕೊಳ್ಳುವ ಕಡೆ ವಾಲಿದರು. ಮುಂದೆ ಇದನ್ನು ಮತ್ತೆ ಮಾಡಿ ನೋಡಿದವರಿಗೆ ಫಲ ಹೀಗೇ ಬರಲಿಲ್ಲ, ಅದನ್ನೂ ಹೇಳಬೇಕು. ಆದರೂ ಒಂದು ವಿಷಯ ಉಳಿಯಿತು. ಮೈ ಕೊಡುವುದು ಬರೀ ಕಾವು. ಆ ಕಾವಿಗೆ ಹೆಸರಿಡುವುದು ಮನಸ್ಸು. ಹೆಸರು ತಪ್ಪಾಗುವುದೂ ಉಂಟು.

ನೀವು ಅವತ್ತು ಬೆಳಗ್ಗೆ ಏನಾದರೂ ತಿಂದಿದ್ದಿರಾ?

ತೊಗರಿ ಹೊಲ (ಕಲಬುರಗಿ)

ಇಲ್ಲ ಸರ್. ಚರಗ ಚೆಲ್ಲುವ ತನಕ ತಿನ್ನುವುದಿಲ್ಲ ಅಂತ ಇದ್ದೆ. ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ.

ಆದರೆ ಹಸಿವು ಇತ್ತು ಅಂತ ಹೇಳಿ ಕೈ ತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಹಸಿದವರೆಲ್ಲ ತಮ್ಮನಿಗೆ ಆ ಮಾತು ಅನ್ನುತ್ತಾರಾ?

ಕೋಟೆ ಬಾಗಿಲು (ಕಲಬುರಗಿ)

ಮಿದುಳಿನಲ್ಲಿ ಅಮಿಗ್ಡಲಾ ಅಂತ ಇದೆ, ಅದೇ ಸಿಟ್ಟಿನ ಬಟನ್. ತುಂಬಾ ಯೋಚಿಸಬೇಡಿ ಅಣ್ಣ. ಒಳಗೆ ಇಟ್ಟುಕೊಂಡರೆ ಜಾಸ್ತಿಯಾಗುತ್ತದೆ. ತಲೆದಿಂಬಿಗೆ ಗುದ್ದಿ, ಒಬ್ಬರೇ ಇದ್ದಾಗ ಜೋರಾಗಿ ಕೂಗಿ. ಹೊರಗೆ ಬಂದರೆ ಹಗುರಾಗುತ್ತದೆ.

ಕಾಗಿಣಾ ನೀರು (ಸೇಡಂ)

ಕೋಟೆ ಬಾಗಿಲು ಅವರೇ, ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2002ರಲ್ಲಿ ಬ್ರಾಡ್ ಬುಷ್‌ಮನ್ ಸಿಟ್ಟು ಬಂದವರಿಗೆ ಗುದ್ದುವ ಚೀಲ ಕೊಟ್ಟರು. ಸಿಟ್ಟು ಬರಿಸಿದವನನ್ನು ನೆನೆಯುತ್ತ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಸುಮ್ನೆ ಕೂತವರೇ ಅವರಿಗಿಂತ ಶಾಂತರಾಗಿದ್ದರು. ಪ್ರೆಶರ್ ಕುಕ್ಕರ್ ಸೀಟಿ ಹೊಡೆದ ಹಾಗೆ ಸಿಟ್ಟು ಹೊರಗೆ ಹೋಗುತ್ತದೆ ಅನ್ನುವ ಹೋಲಿಕೆ ಇಲ್ಲಿ ಕೂಡುವುದಿಲ್ಲ. ಗುದ್ದಿದಷ್ಟೂ ಗುದ್ದುವುದನ್ನೇ ಕಲಿಯುತ್ತೇವೆ.

ಅಮಿಗ್ಡಲಾ ಮಾತು ಕೂಡ ಅರ್ಧ ಸರಿ. ಅದು ಅಪಾಯವನ್ನು ಬೇಗ ಹಿಡಿಯುತ್ತದೆ, ಹೌದು. ಎರಡೂ ಕಡೆಯ ಅಮಿಗ್ಡಲಾ ಹಾಳಾದ ಒಬ್ಬ ಮಹಿಳೆಯ ಬಗ್ಗೆ ವಿಜ್ಞಾನಿಗಳು ಬಹಳ ಬರೆದಿದ್ದಾರೆ. ಹಾವು, ಜೇಡ ಕಂಡರೆ ಆಕೆಗೆ ಭಯ ಇಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಉಸಿರಾಡಿಸಿದಾಗ ಆಕೆ ಕೂಡ ಗಾಬರಿಯಾಗಿ ಒದ್ದಾಡಿದಳು. 2013ರಲ್ಲಿ ಇದು ಪ್ರಕಟವಾಯಿತು. ಅಂದರೆ ಒಂದೇ ಬಟನ್ ಅಂತ ಏನೂ ಇಲ್ಲ. ಭಯಕ್ಕೇ ಇಲ್ಲ ಅಂದ ಮೇಲೆ ಸಿಟ್ಟಿಗೆ ಎಲ್ಲಿಂದ?

ಬಿದರಿ ಬಣ್ಣ (ಬೀದರ್)

ನಾನು ನಾಟಕದವಳು. ನಮಗೆ ಭಾವ ಅಂದರೆ ದಿನದ ಕೆಲಸ.

ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯಿ ಭಾವಗಳಿವೆ, ಅಂದರೆ ನೆಲೆ ನಿಲ್ಲುವ ಭಾವಗಳು. ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ಇವುಗಳಿಂದ ಹುಟ್ಟುವ ಎಂಟು ರಸಕ್ಕೆ ಶಾಂತ ಆಮೇಲೆ ಸೇರಿ ನವರಸ ಆಯಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಪಪುವಾ ನ್ಯೂಗಿನಿಯ ಬೆಟ್ಟದ ಜನರಿಗೆ ಮುಖದ ಫೋಟೋ ತೋರಿಸಿ, ಭಾವ ಎಲ್ಲರಿಗೂ ಒಂದೇ ಅಂತ ಸಾಧಿಸಹೊರಟರು. ಅವರ ಪಟ್ಟಿಯಲ್ಲಿ ಆರು ಇವೆ: ಸಿಟ್ಟು, ಭಯ, ಅಸಹ್ಯ, ದುಃಖ, ಸಂತೋಷ, ಬೆರಗು. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಭರತನಲ್ಲಿ ಜಾಸ್ತಿ ಇರುವುದು ರತಿ ಮತ್ತು ಉತ್ಸಾಹ. ಉತ್ಸಾಹವನ್ನೂ ಒಂದು ಮೂಲ ಭಾವ ಅಂತ ಎಣಿಸಿದ್ದು ನನಗೆ ಬಹಳ ದೊಡ್ಡದು ಅನಿಸುತ್ತದೆ. ಒಳ್ಳೆ ಮಳೆ ಬಿದ್ದ ಮರುದಿನ ಬಿತ್ತನೆಗೆ ಹೊರಟವರ ಮುಖ ನೋಡಿದವರಿಗೆ ಇದು ಗೊತ್ತಾಗುತ್ತದೆ.

ಇದು ಪಂಡಿತರ ಗಂಟೊಳಗೇ ಉಳಿದ ವಿದ್ಯೆಯಲ್ಲ. 1619ರಲ್ಲಿ ನಮ್ಮ ಬೀದರನ್ನು ಗೆದ್ದ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ನವರಸದ ಹೆಸರಿನಲ್ಲೇ ದಖನಿಯಲ್ಲಿ ಹಾಡು ಬರೆದ ದೊರೆ. ಈ ನೆಲದಲ್ಲಿ ಭಾವದ ಮಾತು ಭಾಷೆ, ಧರ್ಮ ದಾಟಿ ಓಡಾಡಿದೆ.

ಇನ್ನೊಂದು ವಿಷಯ. ಸ್ಥಾಯಿಯ ಕೆಳಗೆ ಸಂಚಾರಿ ಭಾವ ಅಂತ ಇವೆ, ಮೂವತ್ತಮೂರು. ಅವು ಬಂದು ಹೋಗುವ ಭಾವಗಳು. ನಾಟಕದಲ್ಲಿ ಸಿಟ್ಟಿನ ಪಾತ್ರ ಮಾಡುವಾಗ ನಾವು ಮೊದಲು ಕೇಳಿಕೊಳ್ಳುವುದು ಇದನ್ನೇ. ಈ ಸಿಟ್ಟಿನ ಕೆಳಗೆ ಏನು ಓಡಾಡುತ್ತಿದೆ? ಅವಮಾನವಾ, ಅಸೂಯೆಯಾ, ದಣಿವಾ? ಅದು ಸಿಗದಿದ್ದರೆ ಬರೀ ಕೂಗಾಟ ಆಗುತ್ತದೆ.

ಹತ್ತಿಕುಣಿ (ಯಾದಗಿರಿ)

ನಾನು ನಿವೃತ್ತ ಶಿಕ್ಷಕಿ. ನಿಮ್ಮ ಬರಹ ಓದಿ ಕರುಳು ಚುರ್ ಅಂತು.

ಒಂದು ಮಾತು ಕೇಳುತ್ತೇನೆ. ಅಪ್ಪ ತೀರಿದಾಗ ನೀವು ಅತ್ತಿರಾ? ನಮ್ಮ ಕಡೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಅವರು ಕೊಟ್ಟ ಸೀರೆ, ಅವರು ಬೈದದ್ದು, ಎಲ್ಲವನ್ನೂ ದನಿ ತೆಗೆದು ಹಾಡುತ್ತ ಅಳುತ್ತಾರೆ. ಕೇಳಿದವರು ಕೂಡಿ ಅಳುತ್ತಾರೆ. ನನ್ನ ತಾಯಿ ತೀರಿದಾಗ ಓಣಿಯ ಹಿರಿಯ ಹೆಂಗಸೊಬ್ಬರು ನನ್ನನ್ನು ತಬ್ಬಿಕೊಂಡು ಹಾಡಲು ಶುರು ಮಾಡಿದರು. ಅಲ್ಲಿಯವರೆಗೆ ಕಲ್ಲಾಗಿದ್ದ ನನಗೆ ಆಗ ಅಳು ಬಂತು. ಗಂಡಸರಿಗೆ ಆ ದಾರಿಯನ್ನು ನಾವು ಮುಚ್ಚಿಬಿಟ್ಟಿದ್ದೇವೆ. ಹೊರಗೆ ಕಟ್ಟೆ ಮೇಲೆ ಕೂತು ಕಟ್ಟಿಗೆಯ ಲೆಕ್ಕ, ಊಟದ ಲೆಕ್ಕ ನೋಡುತ್ತಾರೆ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ರಿವಾಯತ್ ಪದ (ಕರ್ಬಲಾದ ದುಃಖದ ಹಾಡು) ಹಾಡುವಾಗ ಮಾತ್ರ ಗಂಡಸರ ಕಣ್ಣಲ್ಲಿ ನೀರು ಕಾಣುತ್ತೇನೆ. ಎದೆ ಬಡಿದುಕೊಳ್ಳಲು ಅಲ್ಲೊಂದು ಜಾಗ ಇದೆ. ಯಾವ ಜಾತಿಯವರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ನಿಮ್ಮದು ಸಿಟ್ಟಲ್ಲ, ಅಳದೇ ಉಳಿದ ದುಃಖ ಅಂತ ನನಗೆ ಅನಿಸುತ್ತದೆ.

ಸುಗ್ಗಿ ಕಣ (ಶಹಾಪುರ)

ಎಲ್ಲರೂ ಸಿಟ್ಟನ್ನು ರೋಗ ಅಂತಲೇ ನೋಡುತ್ತಿದ್ದೀರಿ. ನನಗೆ ಇದು ಸರಿ ಬರುತ್ತಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಹತ್ತಿ ತೂಕದಲ್ಲಿ ಒಬ್ಬ ವ್ಯಾಪಾರಿ ಮೋಸ ಮಾಡಿದ. ಸಿಟ್ಟು ಬಂತು. ಆ ಸಿಟ್ಟು ಬರದಿದ್ದರೆ ನಾನು ಬೇರೆ ಕಡೆ ತೂಕ ಮಾಡಿಸುತ್ತಲೇ ಇರಲಿಲ್ಲ, ಉಳಿದ ರೈತರನ್ನು ಕರೆದು ಕೇಳುತ್ತಲೂ ಇರಲಿಲ್ಲ. "ತಣ್ಣಗಾಗು, ಉಸಿರು ಎಳೆದುಕೋ" ಅಂತ ಹೇಳಿದವರೆಲ್ಲ ಆ ವ್ಯಾಪಾರಿಗೆ ಉಪಕಾರ ಮಾಡಿದವರೇ. ಕೂಲಿ ಕೇಳುವ ಹೆಣ್ಣುಮಗಳು ದನಿ ಏರಿಸಿದರೆ "ಸಿಟ್ಟಿನ ಹೆಂಗಸು" ಅನ್ನುತ್ತಾರೆ. ಅದೇ ದನಿ ಹೊಲದ ಮಾಲೀಕನದಾದರೆ "ಖಡಕ್ ಮನುಷ್ಯ" ಅನ್ನುತ್ತಾರೆ.

ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಹೇಳಿದ್ದಾನೆ, ತನ್ನನ್ನೋ ತನ್ನವರನ್ನೋ ಅನ್ಯಾಯವಾಗಿ ಕಡೆಗಣಿಸಿದರು ಅನಿಸಿದಾಗ ಹುಟ್ಟುವುದೇ ಸಿಟ್ಟು ಅಂತ. ಸಿಟ್ಟಿನೊಳಗೆ ಒಂದು ಆರೋಪ ಇರುತ್ತದೆ. ಅದು ನಿಜವೋ ಸುಳ್ಳೋ ಅಂತ ನೋಡಿ. ನಿಜವಾದರೆ ಸಿಟ್ಟು ನ್ಯಾಯ. ಸುಳ್ಳಾದರೆ ಹೋಗಿ ಕ್ಷಮೆ ಕೇಳಿ. ಮಿದುಳು, ರಸ, ಅಳು ಅಂತ ಸುತ್ತು ಹಾಕುವುದು ಯಾಕೆ?

ಸನ್ನತಿ ದಾರಿ (ಚಿತ್ತಾಪುರ)

ಸುಗ್ಗಿ ಕಣ ಅವರ ಮಾತಿನಲ್ಲಿ ಸತ್ಯ ಇದೆ. ಆದರೆ ನ್ಯಾಯ ಹೇಳುವ ಜಾಗದಲ್ಲಿ ಕೂತವನ ಸಿಟ್ಟು ಬೇರೆ. ಇದಕ್ಕೆ ನಮ್ಮ ತಾಲೂಕಿನಲ್ಲೇ ಕಲ್ಲಿನ ಸಾಕ್ಷಿ ಇದೆ.

ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಇದೆ ಅಲ್ವಾ. ಆ ಆವರಣದ ಕಾಳಿ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಆಗ ಗೊತ್ತಾಯಿತು. ಅದರಲ್ಲಿ ಪ್ರತ್ಯೇಕ ಶಾಸನ ಅನ್ನುವುದು ಒಂದು. ಒಡಿಶಾದ ಧೌಲಿ, ಜೌಗಡದಲ್ಲೂ ಅದೇ ಶಾಸನ ಇದೆ. ನಮ್ಮ ಕಲ್ಲು ಒಂದಷ್ಟು ಹಾಳಾಗಿದೆ, ಆದ್ದರಿಂದ ಪೂರ್ತಿ ಅರ್ಥಕ್ಕೆ ಆ ಕಲ್ಲುಗಳನ್ನೂ ನೋಡಬೇಕು.

ಅದರಲ್ಲಿ ಅಶೋಕ ನ್ಯಾಯ ಕೊಡುವ ಅಧಿಕಾರಿಗಳಿಗೆ ಬರೆಯುತ್ತಾನೆ. ಕಾರಣವಿಲ್ಲದೇ ಜನರು ಸೆರೆಮನೆ ಸೇರುತ್ತಿದ್ದಾರೆ, ನೀವು ಸರಿಯಾಗಿ ನಡೆದುಕೊಳ್ಳದಿರುವುದಕ್ಕೆ ಇವು ಕಾರಣ ಅನ್ನುತ್ತಾನೆ. ಹೊಟ್ಟೆಕಿಚ್ಚು, ಥಟ್ಟನೆ ಬರುವ ಸಿಟ್ಟು, ಕಠೋರತನ, ಆತುರ, ರೂಢಿ ಇಲ್ಲದಿರುವುದು, ಸೋಮಾರಿತನ, ದಣಿವು. ಸಿಟ್ಟು ಮಾಡದಿರುವುದು, ಆತುರ ಪಡದಿರುವುದು, ಇವೇ ಸರಿಯಾದ ನಡತೆಗೆ ಬೇರು ಅನ್ನುತ್ತಾನೆ.

ನನ್ನ ಮನಸ್ಸನ್ನು ಹಿಡಿದದ್ದು ಆ ಪಟ್ಟಿಯ ಕೊನೆಯ ಪದ. ದಣಿವು! ಹೊಟ್ಟೆಕಿಚ್ಚಿನ ಜೊತೆ ದಣಿವನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾನೆ. ಸುಮಾರು 2250 ವರ್ಷದ ಹಿಂದೆ. ಕಾಗಿಣಾ ನೀರು ಅವರು "ಬೆಳಗ್ಗೆ ತಿಂದಿದ್ದಿರಾ" ಅಂತ ಕೇಳಿದಾಗ ನನಗೆ ನೆನಪಾಗಿದ್ದು ಇದೇ.

ಬಿದರಿ ಬಣ್ಣ (ಬೀದರ್)

ಸುಗ್ಗಿ ಕಣ ಅವರೇ, ನಾನು ಸುತ್ತು ಹಾಕುತ್ತಿಲ್ಲ. ಆರೋಪ ಯಾರ ಮೇಲೆ ಅನ್ನುವುದೇ ಮೊದಲು ಗೊತ್ತಾಗಬೇಕು. ಬಸವಣ್ಣನವರು ಸಿಟ್ಟಿನ ಬಗ್ಗೆ ಹೇಳುವಾಗ ಮನೆಯೊಳಗಿನ ಕಿಚ್ಚಿನ ಹೋಲಿಕೆ ಕೊಟ್ಟರು. ಅದು ಮೊದಲು ಸುಡುವುದು ಆ ಮನೆಯನ್ನೇ ಅಂದರು. ಕಿಚ್ಚು ಹತ್ತಿದ್ದು ಎಲ್ಲಿ ಅಂತ ನೋಡದೇ ಪಕ್ಕದ ಮನೆಗೆ ನೀರು ಹಾಕಿದರೆ ಏನು ಬಂತು?

ತೊಗರಿ ಹೊಲ ಅವರೇ, ನಿಮ್ಮ ಬರಹವನ್ನು ಮತ್ತೆ ಓದಿದೆ. ಬದುವಿನ ಮೇಲೆ ಕೂತು ಮಣ್ಣಿನಲ್ಲಿ ಗೆರೆ ಎಳೆದೆ ಅಂದಿದ್ದೀರಿ. ಕ್ರೋಧದ ಪಾತ್ರ ಮಾಡುವವರಿಗೆ ನಾವು ಅದನ್ನು ಹೇಳಿಕೊಡುವುದಿಲ್ಲ. ಕ್ರೋಧಕ್ಕೆ ಕೆಂಪು ಕಣ್ಣು, ಹಲ್ಲು ಕಡಿಯುವುದು, ಕೈ ಹಿಸುಕುವುದು. ಶೋಕಕ್ಕೂ ಅದು ಅಲ್ಲ. ತಲೆ ತಗ್ಗಿಸುವುದು, ನೆಲದ ಮೇಲೆ ಗೆರೆ ಎಳೆಯುವುದು, ಬಟ್ಟೆಯ ತುದಿ ಮುಟ್ಟುವುದು, ಉಗುರು ಕಡಿಯುವುದು, ಇವನ್ನು ಭರತ ಹೇಳಿದ್ದು ವ್ರೀಡೆ ಅನ್ನುವ ಸಂಚಾರಿ ಭಾವಕ್ಕೆ. ನಾಚಿಕೆ ಅಂತ ಅರ್ಥ ಹೇಳುತ್ತಾರೆ, ಆದರೆ ಹೊಸ ಮದುಮಗಳ ನಾಚಿಕೆ ಮಾತ್ರ ಅಲ್ಲ. ಅದು ಹುಟ್ಟುವ ಕಾರಣಗಳನ್ನೂ ಅಲ್ಲೇ ಹೇಳಿದೆ. ಮಾಡಬಾರದ್ದು ಮಾಡಿದಾಗ, ಹಿರಿಯರ ಮಾತು ಮೀರಿದಾಗ, ಕೊಟ್ಟ ಮಾತು ನಡೆಸದೇ ಹೋದಾಗ, ಪಶ್ಚಾತ್ತಾಪ ಆದಾಗ.

ತಮ್ಮನ ಮೇಲೆ ಕೂಗಿದ್ದಕ್ಕೆ ಆದ ನಾಚಿಕೆ ಇರಬಹುದು. ಅದಕ್ಕಿಂತ ಮೊದಲಿನದೂ ಇರಬಹುದು. ನಿಮಗೇ ಗೊತ್ತು.

ಕಾಗಿಣಾ ನೀರು (ಸೇಡಂ)

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಯವರು ಜನರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಆ ಭಾವಕ್ಕೆ ಸರಿಯಾದ ಪದ ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಯಿತು. ಆ ಮುಖದವರ ಹೆಸರು ಆರಿಸಿದಾಗ ಅಷ್ಟು ಕಡಿಮೆಯಾಗಲಿಲ್ಲ. ಭಾವದ ಹೆಸರಿಗೇ ಆ ಶಕ್ತಿ ಇದೆ.

ಹಾಲೆಂಡಿನಲ್ಲಿ ಗಾಜು ಉಜ್ಜಿ ಮಸೂರ ಮಾಡಿ ಬದುಕಿದ ತತ್ವಜ್ಞಾನಿ ಸ್ಪಿನೋಜಾ ಇದನ್ನೇ ಬೇರೆ ಥರ ಹೇಳಿದ್ದ. 1677ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪುಸ್ತಕ ಬಂತು. ನಮ್ಮನ್ನು ಎಳೆದಾಡುವ ಭಾವವನ್ನು ಸ್ಪಷ್ಟವಾಗಿ ತಿಳಿದುಕೊಂಡ ಕೂಡಲೇ ಅದು ಎಳೆದಾಡುವುದನ್ನು ಬಿಡುತ್ತದೆ ಅಂತ ಅವನ ಮಾತು. "ಕೊಲ್ಲುವುದು ಹೇಗೆ" ಅಂತ ಕೇಳಿದ್ದಿರಿ. ಅವನು ಕೊಲ್ಲು ಅನ್ನುವುದಿಲ್ಲ, ತಿಳಿದುಕೋ ಅನ್ನುತ್ತಾನೆ. ನಮ್ಮ ಮನೆಗಳಲ್ಲಿ ಹೊಟ್ಟೆ ಉರಿ, ತಳಮಳ, ಸಂಕಟ, ಬ್ಯಾಸರ ಅಂತ ಇಷ್ಟು ಪದ ಇವೆ. ಎಲ್ಲದಕ್ಕೂ ಟೆನ್ಶನ್ ಅನ್ನುವ ಒಂದೇ ಪದ ಹಿಡಿದುಕೊಂಡು ಕೂತರೆ ತಿಳಿಯುವುದು ಹೇಗೆ?

ತೊಗರಿ ಹೊಲ (ಕಲಬುರಗಿ)

ಹನ್ನೆರಡು ದಿನ ಆಯಿತು, ಉತ್ತರ ಬರೆಯಲು ಆಗಿರಲಿಲ್ಲ. ಎಲ್ಲರೂ ಕ್ಷಮಿಸಿ.

ಹತ್ತಿಕುಣಿ ಅಮ್ಮನವರೇ, ದುಃಖ ಅಂತ ನೀವು ಹೇಳಿದಾಗ ಹೌದು ಅನಿಸಿತ್ತು. ಎರಡು ದಿನ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಅದಲ್ಲ. ಅಪ್ಪ ತೀರಿದ ದಿನ ನಾನು ಅತ್ತಿದ್ದೆ, ಚೆನ್ನಾಗಿಯೇ ಅತ್ತಿದ್ದೆ.

ಬಿದರಿ ಬಣ್ಣ ಅವರು "ಕೊಟ್ಟ ಮಾತು ನಡೆಸದೇ ಹೋದಾಗ" ಅಂತ ಬರೆದಿದ್ದು ಓದಿ ಕೈ ತಣ್ಣಗಾಯಿತು. ಅಪ್ಪ ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗ "ಯಾವಾಗ ಬರ್ತಿ?" ಅಂತ ಕೇಳಿದ್ದರು. "ಮುಂದಿನ ತಿಂಗಳು ರಜೆ ಹಾಕಿ ಬಂದು ವಾರ ಇರ್ತೀನಿ" ಅಂದಿದ್ದೆ. ಮುಂದಿನ ತಿಂಗಳ ತನಕ ಅವರು ಇರಲಿಲ್ಲ. ಆ ಎರಡು ವರ್ಷ ನಾನು ಭಾನುವಾರ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬಂದವನು. ಹಾಗಾಗಿ "ಅಪ್ಪನ ಸಲುವಾಗಿ ನೀ ಏನ್ ಮಾಡಿದಿ" ಅಂತ ತಮ್ಮನಿಗೆ ಕೂಗಿದೆನಲ್ಲ, ಆ ಪ್ರಶ್ನೆ ಅವನದಲ್ಲ. ನನ್ನದು. ನಾನು ನನಗೆ ಕೇಳಲು ಹೆದರಿ ಅವನಿಗೆ ಕೇಳಿದೆ. ಅವತ್ತೂ ತಡವಾಗಿ ಹೋದವನು ನಾನೇ.

ಸುಗ್ಗಿ ಕಣ ಅವರೇ, ಆರೋಪ ನಿಜವೋ ಸುಳ್ಳೋ ನೋಡಿ ಅಂದಿರಿ. ನಿಜವೇ ಇತ್ತು. ವಿಳಾಸ ತಪ್ಪಿತ್ತು.

ಮೊನ್ನೆ ಭಾನುವಾರ ಊರಿಗೆ ಹೋದೆ. ಬಿಸಿಲು ಜೋರಿತ್ತು. ತಮ್ಮ ಜಗಲಿಯ ಮೇಲೆ ಬಿತ್ತನೆ ಬೀಜ ಆರಿಸುತ್ತ ಕೂತಿದ್ದ. ಈ ಮಾತನ್ನೆಲ್ಲ ಹೇಳಿದೆ, ಫೋನಿನ ಮಾತು ಕೂಡ. ಅವನು ತಲೆ ಎತ್ತದೇ ಕೇಳಿದ. "ಅಪ್ಪ ಆ ತಿಂಗಳು ದಿನಾ ನಿನ್ನ ಕೇಳ್ತಿದ್ದ" ಅಂದ. ಅಷ್ಟೇ ಅಂದ. ಅದು ನನಗೆ ಹೊಡೆತವೇ. ಅವನಿಗೆ ನನ್ನ ಮೇಲೆ ಸಿಟ್ಟಿದೆ, ಅದು ನ್ಯಾಯವಾದ ಸಿಟ್ಟು. ಅದನ್ನು ಇಳಿಸಿಕೋ ಅಂತ ನಾನು ಕೇಳಲಿಲ್ಲ.

ಅವನ ಪಕ್ಕ ಕೂತು ನಾನೂ ಬೀಜ ಆರಿಸಿದೆ. ಸಂಜೆ ಬಸ್ಸಿಗೆ ಏಳುವಾಗ "ಮಳಿ ಬಿದ್ದಮ್ಯಾಲ ಬಿತ್ತಲಿಕ್ಕ ಬರ್ತಿಯೇನು?" ಅಂತ ಕೇಳಿದ. ಬರುತ್ತೇನೆ ಅಂದೆ. ಇವತ್ತು ಬೆಳಗ್ಗೆ ಆಫೀಸಿನಲ್ಲಿ ಎಂಟು ದಿನದ ರಜೆ ಅರ್ಜಿ ಕೊಟ್ಟು ಬಂದೆ.

ಹತ್ತಿಕುಣಿ (ಯಾದಗಿರಿ)

ಈ ಸಲ ಉಂಡು ಬಂದಿರಾ?

ತೊಗರಿ ಹೊಲ (ಕಲಬುರಗಿ)

ಉಂಡೆ ಅಮ್ಮ. ಜೋಳದ ರೊಟ್ಟಿ, ಪುಂಡಿ ಪಲ್ಯ.